ದಾಫಿನಾಳ ತಾರೀಖು

ನಮ್ಮೂರಿನಲ್ಲಿ ಸತ್ತವರು ಸುಮ್ಮನೆ ಹೋಗುವುದಿಲ್ಲ. ಫೋಟೊ, ಕಪ್ಪು ಅಂಚು, ನಾಲ್ಕು ಸಾಲು ದುಃಖದ ಸಮೇತ ಒಂದು ಹಾಳೆಯಾಗಿ ಮನೆಬಾಗಿಲಿಗೆ, ಬಸ್‌ಸ್ಟಾಪಿನ ಕಂಬಕ್ಕೆ, ಚೌಕದ ಮರಗಳಿಗೆ ಅಂಟಿಕೊಂಡು ಉಳಿಯುತ್ತಾರೆ. ನಲವತ್ತನೇ ದಿನಕ್ಕೆ ಮತ್ತೊಂದು ಹಾಳೆ, ಆಮೇಲೆ ವರ್ಷಕ್ಕೊಂದು. ಬದುಕಿದ್ದಾಗ ಅವರತ್ತ ತಿರುಗಿ ನೋಡದ ನಾವೆಲ್ಲ ಈಗ ನಿಂತು ಓದುತ್ತೇವೆ. ನಮ್ಮ ಹೆಸರಿಲ್ಲವೆಂದು ಖಾತ್ರಿಯಾದ ಮೇಲೆ ಬ್ರೆಡ್ ತರಲು ಹೋಗುತ್ತೇವೆ.

ಆ ಹಾಳೆಗಳನ್ನು ಹದಿನೈದು ವರ್ಷಗಳಿಂದ ತಯಾರಿಸುತ್ತಿದ್ದವಳು ಮಾನೋಲನ ಮುದ್ರಣದಂಗಡಿಯ ದಾಫಿನಾ. ವಯಸ್ಸು ಮೂವತ್ತೊಂಬತ್ತು, ಒಂದು ದಿನವೂ ರಜೆ ಹಾಕಿದವಳಲ್ಲ. ಅಂಥವಳಿಗೆ ಆಗಸ್ಟಿನಲ್ಲಿ ತರ್ನೊವೊದ ವಿಶ್ವವಿದ್ಯಾಲಯದಿಂದ ಕಾಗದ ಬಂತು: ಚರಿತ್ರೆ ಓದಲು ಸೀಟು ಸಿಕ್ಕಿದೆ, ದಿನವೂ ತರಗತಿಗೆ ಬರಬೇಕು, ಅಕ್ಟೋಬರ್ ಒಂದರಂದು ಖುದ್ದು ಹಾಜರಾಗದಿದ್ದರೆ ಸೀಟು ಮುಂದಿನವರಿಗೆ.

"ಚರಿತ್ರೆನಾ?" ಮಾನೋಲ್ ಅಂಟಿನ ಬಕೆಟ್ಟನ್ನು ಕೆಳಗಿಟ್ಟ. "ಇಲ್ಲಿರೋ ಸತ್ತವರು ಸಾಲ್ದೇನೇ ನಿಂಗೆ? ಇನ್ನೂ ಹಳಬರು ಬೇಕಾ?"

"ಓದ್ಬೇಕು ಅನ್ನಿಸ್ತಿದೆ ಮಾನೋಲಣ್ಣ."

"ಓದು, ಯಾರು ಬೇಡ ಅಂದ್ರು? ಮನೇಲಿ ಕೂತು ಓದು. ಕೆಲ್ಸ ಯಾಕೆ ಬಿಡ್ತೀಯ? ಊರಿನ ಕಾರ್ಖಾನೆಗಳೆಲ್ಲ ಬಾಗಿಲು ಹಾಕಿದ್ವು. ನಮ್ದು ನೋಡು. ಜನ ಸಾಯೋದನ್ನ ಯಾವತ್ತಾದ್ರೂ ನಿಲ್ಲಿಸಿದಾರಾ?"

ಇದಕ್ಕಿಂತ ಖಾಯಂ ಕೆಲಸ ಭೂಮಿಯ ಮೇಲಿಲ್ಲ ಎಂಬುದನ್ನು ಅವಳೂ ಒಪ್ಪಿದಳು. ಯೋಚಿಸಿ ಹೇಳುತ್ತೇನೆಂದು ಕಾಗದವನ್ನು ಮೇಜಿನ ಖಾನೆಯಲ್ಲಿಟ್ಟಳು. ಸೆಪ್ಟೆಂಬರ್ ಅರ್ಧ ಕಳೆದರೂ ಅದು ಅಲ್ಲೇ ಇತ್ತು.

ಆಗ ಬಂದಳು ಝಿವ್ಕಾ ಅತ್ತೆ. ದಾಫಿನಾಳ ಮೇಲಿನ ಮಹಡಿಯಲ್ಲಿರುವ ವಿಧವೆ, ಊರಿನ ಹಾಳೆಗಳನ್ನೆಲ್ಲ ಪ್ರತಿದಿನ ತಪ್ಪದೆ ಓದುವವಳು.

"ಹುಡುಗೀ, ನಿನ್ನ ತಾರೀಖು ಹತ್ರ ಬಂತಲ್ಲೇ," ಎಂದಳು, ಮದುವೆಯ ವಿಷಯ ಹೇಳುವಂತೆ.

"ಯಾವ ತಾರೀಖು ಅತ್ತೆ?"

ಅತ್ತೆ ಅಂಗಡಿಯ ಕಿಟಕಿಯತ್ತ ಬೆರಳು ತೋರಿದಳು. ಅಲ್ಲಿ ಗಿರಾಕಿಗಳಿಗೆಂದು ಒಂದು ಮಾದರಿ ಹಾಳೆ ತೂಗುತ್ತಿತ್ತು. ಕೆಲಸಕ್ಕೆ ಸೇರಿದ ವಾರವೇ ದಾಫಿನಾ ಅದನ್ನು ಮಾಡಿದ್ದಳು. ಸತ್ತವರ ಮನೆಯವರು ಯಾರೂ ಫೋಟೊ ಕೊಡಲು ಒಪ್ಪದಿದ್ದುದರಿಂದ ತನ್ನದೇ ಫೋಟೊ, ತನ್ನದೇ ಹೆಸರು ಹಾಕಿದ್ದಳು. ಸತ್ತ ದಿನ ಎಂಬಲ್ಲಿ, ಯಾರಿಗೂ ಗಾಬರಿಯಾಗದಿರಲೆಂದು ಹದಿನೈದು ವರ್ಷ ಮುಂದಿನ ಒಂದು ತಾರೀಖು ಬರೆದಿದ್ದಳು. ಇಪ್ಪತ್ನಾಲ್ಕರ ವಯಸ್ಸಿಗೆ ಹದಿನೈದು ವರ್ಷವೆಂದರೆ ಬರಲಾರದ ಕಾಲ.

ಬಿಸಿಲಿಗೆ ಮುಖ ಮಾಸಿ ಬಿಳಿಯಾಗಿತ್ತು. ತಾರೀಖು ಮಾತ್ರ ಕಪ್ಪಗೆ ಉಳಿದಿತ್ತು: ಈ ವರ್ಷದ ಅಕ್ಟೋಬರ್ ಒಂದು.

ಅಂದಿನಿಂದ ಊರು ಬಹಳ ಮರ್ಯಾದಸ್ಥವಾಯಿತು. ಬ್ರೆಡ್ಡಿನಂಗಡಿಯವಳು ದನಿ ತಗ್ಗಿಸಿ ಮಾತಾಡಿದಳು, ಕಣ್ಣಿಗೆ ಕಣ್ಣು ಕೊಡಲಿಲ್ಲ. ಆರು ವರ್ಷದ ಹಿಂದೆ ಕೆಳಮನೆಯವರು ಒಯ್ದಿದ್ದ ಜರಡಿ, ತೊಳೆದು ಒರೆಸಿಕೊಂಡು, ಕೇಳದೆಯೇ ವಾಪಸ್ಸು ಬಂತು. ಅದನ್ನು ಕಂಡಾಗಲೇ ದಾಫಿನಾಳಿಗೆ ನಿಜವಾಗಿ ಭಯವಾದದ್ದು.

ಮಾನೋಲ್ ನಕ್ಕುಬಿಟ್ಟ. "ತಾರೀಖು ನಮ್ಮ ಕೈಲೇ ಇದೆಯಲ್ಲೇ! ಇಪ್ಪತ್ತು ವರ್ಷ ಮುಂದಕ್ಕೆ ಹಾಕ್ಬಿಡು. ಎಷ್ಟು ಜನಕ್ಕೆ ಸಿಗುತ್ತೆ ಈ ಸೌಕರ್ಯ?"

ಅವಳು ಕಂಪ್ಯೂಟರಿನಲ್ಲಿ ಹಾಳೆಯನ್ನು ತೆರೆದಳು. ಕಿಟಕಿಯಲ್ಲಿ ಅಳಿಸಿಹೋಗಿದ್ದ ಮುಖ ಇಲ್ಲಿ ನಿನ್ನೆ ತೆಗೆದಂತೆ ಹೊಳೆಯುತ್ತಿತ್ತು. ಇಪ್ಪತ್ತು ವರ್ಷ ಕೂಡಿಸಿದಳು. ಆಗ ತನಗೆ ಐವತ್ತೊಂಬತ್ತು. ಇದೇ ಕುರ್ಚಿ, ಇದೇ ಕಿಟಕಿ, ತೆರೆಯ ಮೇಲೆ ಇದೇ ಹುಡುಗಿ. ಬೆರಳು ಮುಂದಕ್ಕೆ ಹೋಗಲಿಲ್ಲ. ಉಳಿಸದೆ ಮುಚ್ಚಿದಳು.

ಆದರೂ ಸೆಪ್ಟೆಂಬರ್ ಇಪ್ಪತ್ತೊಂಬತ್ತರ ಸಂಜೆ, "ನಾನು ಎಲ್ಲೂ ಹೋಗಲ್ಲ ಮಾನೋಲಣ್ಣ," ಎಂದು ಹೇಳಿದಳು. ಆ ತಾರೀಖಿನಂದು ಪ್ರಯಾಣ ಮಾಡುವ ಧೈರ್ಯ ಅವಳಿಗಿರಲಿಲ್ಲ. ಮಾನೋಲ್ ಖುಷಿಯಿಂದ ಅವಳ ಕುರ್ಚಿಯ ಸಡಿಲ ತಿರುಪನ್ನು ತಾನೇ ಬಿಗಿ ಮಾಡಿಕೊಟ್ಟ.

ಮೂವತ್ತರ ಬೆಳಗ್ಗೆ ಕೆಲಸಕ್ಕೆಂದು ಇಳಿದು ಬಂದಾಗ ಕಟ್ಟಡದ ಬಾಗಿಲಲ್ಲಿ ಅವಳೇ ಇದ್ದಳು. ಅಂಟು ಇನ್ನೂ ಹಸಿ.

ಹೇಗಾಯಿತೆಂದು ಅವಳಿಗೆ ಕೂಡಲೇ ಹೊಳೆಯಿತು. ವರ್ಷದ ಹಾಳೆಗಳು ತಪ್ಪಬಾರದೆಂದು, ಯಾರ ಸತ್ತ ತಾರೀಖು ಬಂದರೂ ಹಿಂದಿನ ದಿನವೇ ಯಂತ್ರ ತಾನಾಗಿ ಇಪ್ಪತ್ತು ಪ್ರತಿ ತೆಗೆಯುವಂತೆ ಏರ್ಪಾಡು ಮಾಡಿದ್ದವಳು ಅವಳೇ. ಅದಕ್ಕೆ ಮಾದರಿ ಯಾವುದು, ಹೆಣ ಯಾವುದು ಎಂಬ ಭೇದವಿಲ್ಲ. ಬೆಳಗ್ಗೆ ಬಂದದ್ದನ್ನು ಎತ್ತಿಕೊಂಡು ಮಾನೋಲ್ ಅಂಟಿಸುತ್ತ ಹೋಗುತ್ತಾನೆ.

ಅಭ್ಯಾಸದಂತೆ ತಪ್ಪು ಹುಡುಕುತ್ತ ಓದಿದಳು. ಜಾಗ ತುಂಬಿಸಲೆಂದು ಅಂದು ಎರಡು ನಿಮಿಷದಲ್ಲಿ ಗೀಚಿದ ಸಾಲು: "ಪ್ರಾಮಾಣಿಕಳು, ಶಾಂತ ಸ್ವಭಾವದವಳು. ಕೊನೆಯ ದಿನದವರೆಗೂ ತನ್ನ ಜಾಗ ಬಿಟ್ಟು ಕದಲಲಿಲ್ಲ."

ಇನ್ನೊಮ್ಮೆ ಓದಿದಳು. ತಿದ್ದಲು ಏನೂ ಇರಲಿಲ್ಲ.

ಬಸ್‌ಸ್ಟಾಪಿನ ಕಂಬದ ಹತ್ತಿರ ಮಾನೋಲ್ ಸಿಕ್ಕಿದ. ಕುಂಚ ಹಿಡಿದವನು ಅವಳನ್ನು ನೋಡಿದ, ಕಂಬವನ್ನು ನೋಡಿದ, ಮತ್ತೆ ಅವಳನ್ನು ನೋಡಿ ಶಿಲುಬೆಯ ಗುರುತು ಹಾಕಿಕೊಂಡ.

"ಓದಿ ಅಂಟಿಸ್ಬಾರ್ದಾ ಮಾನೋಲಣ್ಣ?"

"ಮೂವತ್ತು ವರ್ಷದಲ್ಲಿ ಒಂದನ್ನೂ ಓದಿಲ್ವಲ್ಲೇ! ಓದ್ತಾ ಕೂತ್ರೆ ಈ ಕೆಲ್ಸ ಮಾಡೋಕಾಗುತ್ತಾ? ತಡಿ, ಕಿತ್ತಾಕ್ತೀನಿ."

"ಕೀಳ್ಬೇಡಿ, ಇರ್ಲಿ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಾಳೆಯಿಂದ ನಾನು ಬರಲ್ಲ."

"ನಿನ್ನೆ ತಾನೆ ಇರ್ತೀನಿ ಅಂದ್ಯಲ್ಲೇ!"

"ನಿನ್ನೆ ಇದನ್ನ ಓದಿರ್ಲಿಲ್ಲ."

ಮರುದಿನ ಬೆಳಗಿನ ಬಸ್ಸಿಗೆ ಅವಳು ಹೊರಟಾಗ ಝಿವ್ಕಾ ಅತ್ತೆ ಮೆಟ್ಟಿಲ ಮೇಲೆ ಒಂದು ಡಬ್ಬಿ ಹಿಡಿದು ನಿಂತಿದ್ದಳು. ಬೇಯಿಸಿದ ಗೋಧಿ, ಸಕ್ಕರೆ, ಅಕ್ರೋಟ. ನಾವು ಸತ್ತವರ ಹೆಸರಿನಲ್ಲಿ ಹಂಚುವಂಥದ್ದು.

"ನೆನೆಹಾಕ್ಬಿಟ್ಟಿದ್ದೆ ಮಗಳೇ," ಎಂದಳು ಸಂಕೋಚದಿಂದ. "ಹಾಳು ಮಾಡೋದ್ಯಾಕೆ? ದಾರೀಲಿ ತಿನ್ನು."

ಬಸ್ಸು ಹೊರಟಿತು. ಕಂಬದ ಮೇಲೆ, ಚೌಕದ ಮರದ ಮೇಲೆ, ಊರಾಚೆಯ ಕೊನೆಯ ಗೋಡೆಯ ಮೇಲೆ ಇಪ್ಪತ್ನಾಲ್ಕರ ಹುಡುಗಿ ಒಂದೇ ಸಮನೆ ಅವಳನ್ನು ನೋಡುತ್ತಿದ್ದಳು. ಗೋಡೆ ದಾಟಿದ ಮೇಲೆ ದಾಫಿನಾ ಡಬ್ಬಿ ತೆರೆದು ಒಂದು ಚಮಚ ಬಾಯಿಗಿಟ್ಟಳು. ಆ ಗೋಧಿ ತಿನ್ನುವಾಗ ಎಲ್ಲರೂ ಹೇಳುವ ಮಾತು ಅವಳ ಬಾಯಿಂದಲೂ ತಾನಾಗಿ ಬಂತು: "ದೇವರು ಅವಳನ್ನ ಕ್ಷಮಿಸ್ಲಿ."

ಪಕ್ಕದ ಸೀಟಿನ ಹೆಂಗಸು ಕನಿಕರದಿಂದ ತಿರುಗಿದಳು. "ಯಾರಮ್ಮ ಹೋದದ್ದು?"

"ಮುದ್ರಣದಂಗಡೀಲಿ ಕೆಲ್ಸ ಮಾಡ್ತಿದ್ಲು," ಎಂದಳು ದಾಫಿನಾ, ಡಬ್ಬಿಯನ್ನು ಅವಳತ್ತ ಚಾಚುತ್ತ. "ತಗೊಳ್ಳಿ."