ಎಣ್ಣೆ ಡಬ್ಬಿಯಲ್ಲಿ ಅವ್ವ ನೆಟ್ಟ ಆಲೂಗಡ್ಡೆ

ಇವತ್ತು ಬೆಳಿಗ್ಗೆ ಹುಮನಾಬಾದಿನ ನಮ್ಮ ಮನೆಯ ಮಾಳಿಗೆಯ ಮೇಲೆ, ಆಲೂಗಡ್ಡೆ ಹಾಕಿದ್ದ ಹಳೇ ಬಕೆಟ್ಟನ್ನು ಬೋರಲು ಹಾಕಿದೆ. ಹಸಿ ಮಣ್ಣಿನ ವಾಸನೆ ಬಂದದ್ದೇ ತಡ, ಚಿಕ್ಕಂದಿನಲ್ಲಿ ನಾನಿದ್ದ ಬಸವಕಲ್ಯಾಣದ ಮನೆಯ ಅಂಗಳ ನೆನಪಾಯಿತು.

ಅಲ್ಲಿ ಅವ್ವ ಎಣ್ಣೆಯ ತಗಡಿನ ಡಬ್ಬಿಗೆ ಮೊಳೆಯಿಂದ ತೂತು ಹೊಡೆದು, ಮೊಳಕೆ ಬಂದ ಆಲೂಗಡ್ಡೆ ನೆಟ್ಟಿದ್ದಳು. ಗಿಡ ಬೆಳೆದಂತೆ ಬುಡಕ್ಕೆ ಮಣ್ಣು ಏರಿಸುತ್ತಿದ್ದಳು. ನನಗೋ ದಿನವೂ ಕೆದರಿ ನೋಡುವ ಚಟ.

ಆಪರೇಷನ್ನಿಗೆಂದು ಹೊರಟ ದಿನ ಅವ್ವ ಬಾಗಿಲಲ್ಲಿ ನಿಂತು, "ನಾ ಬರೋತನಕ ಕೆದರಬ್ಯಾಡ ನೋಡು" ಅಂದಳು. ಅವಳು ಜೀವಂತ ತಿರುಗಿ ಬರಲಿಲ್ಲ.

ನಾನು ಡಬ್ಬಿ ಮುಟ್ಟಲಿಲ್ಲ. ಎಲೆಗಳು ಹಳದಿಯಾಗಿ ಒರಗಿದಾಗ ಅಪ್ಪನ ತಾಯಿ, ನಮ್ಮ ಆಯಿ, ಕರೆದಳು.

"ಬಾ ಇಲ್ಲಿ. ಇನ್ನ ಬಿಟ್ರ ಕೊಳಿತಾವ."

"ಅವ್ವ ಬ್ಯಾಡ ಅಂದಾಳ."

ಆಯಿ ನನ್ನ ಕೈ ಹಿಡಿದು ಮಣ್ಣಿಗೆ ಇಳಿಸಿದಳು. ಒಂಬತ್ತು ಗಡ್ಡೆ ಸಿಕ್ಕವು.

ಮಧ್ಯಾಹ್ನ ಅವುಗಳ ಪಲ್ಯವಾಯಿತು. ಅಪ್ಪ ರೊಟ್ಟಿ ಮುರಿದು ಹಾಗೇ ಕೂತಿದ್ದರು. ನಾನು, "ಇನ್ನಷ್ಟು ಹಾಕು ಆಯಿ" ಅಂದೆ. ಅಳು ಬರಲಿಲ್ಲ. ಪಲ್ಯ ರುಚಿಯಾಗಿತ್ತು, ಅಷ್ಟೇ. ಅಪ್ಪ ತಮ್ಮ ತಟ್ಟೆಯದನ್ನೂ ನನಗೆ ಹಾಕಿ, ಕೈ ತೊಳೆಯಲು ಎದ್ದರು.

ಇವತ್ತೂ ಅಳು ಬರಲಿಲ್ಲ. ಗಡ್ಡೆಗಳನ್ನು ಆರಿಸುತ್ತಿದ್ದ ಮಗಳು, "ಮಮ್ಮಿ, ಇದೆಲ್ಲಾ ನಿಂಗ ಯಾರ ಕಲಿಸಿದ್ರು?" ಎಂದು ಕೇಳಿದಳು.

"ನಮ್ಮವ್ವ" ಅಂದೆ. ಆ ಶಬ್ದವನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ, ನನಗೇ ಗೊತ್ತಿಲ್ಲ.