ಕಡಲ ಇಗುವಾನಾಗಳಿಗೆ ಒಂದು ರಜೆ

ನನಗೆ ಕಡಲ ಇಗುವಾನಾ ನೋಡಬೇಕು ಅಂತ ಆಸೆ. ಹೀಗೆ ಹೇಳಿದರೆ ನಮ್ಮ ಕಡೆಯವರು "ಅಂದ್ರೆ ಉಡಾನೇನ್ರೀ?" ಅಂತಾರೆ. ಉಡದ ದೂರದ ನೆಂಟ ಅಂದುಕೊಳ್ಳಿ. ಪೆಸಿಫಿಕ್ ಸಾಗರದ ನಡುವೆ, ಜ್ವಾಲಾಮುಖಿ ಕಾರಿದ ಕಲ್ಲಿನಿಂದಲೇ ಎದ್ದ ಗಲಾಪಗೋಸ್ ದ್ವೀಪಗಳಲ್ಲಿ ಮಾತ್ರ ಇರುವ ಪ್ರಾಣಿ. ಮೈಯೆಲ್ಲ ಕಪ್ಪು, ಬೆನ್ನುದ್ದಕ್ಕೂ ಮುಳ್ಳು, ಮೊಂಡು ಮೂತಿ. ಹಲ್ಲಿಗಳ ಬಳಗದಲ್ಲಿ ಕಡಲಿಗೆ ಧುಮುಕಿ ಹೊಟ್ಟೆ ಹೊರೆಯುವುದು ಇದೊಂದೇ. ಅದೂ ತಿನ್ನುವುದು ಮೀನಲ್ಲ, ಬಂಡೆಗೆ ಅಂಟಿದ ಪಾಚಿ. "ಹಾಗಾದ್ರೆ ವೆಜಿಟೇರಿಯನ್ನು!" ಅಂತ ನನ್ನ ಗೆಳತಿಯೊಬ್ಬಳಿಗೆ ಅದರ ಮೇಲೆ ತಕ್ಷಣ ಗೌರವ ಬಂದುಬಿಟ್ಟಿತು.

ಆಸೆ ಹುಟ್ಟಿದ್ದು ಲಂಡನ್ನಿನ ಮೊದಲ ಚಳಿಗಾಲದಲ್ಲಿ. ಆಗ ನಾವಿದ್ದದ್ದು ವೆಂಬ್ಲಿಯ ಒಂದು ಪುಟ್ಟ ಫ್ಲ್ಯಾಟಿನಲ್ಲಿ. ನನ್ನ ಗಂಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಬರುತ್ತಿದ್ದರು. ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕಿ, ಗೋಡೆಯ ಬಿಸಿ ರೇಡಿಯೇಟರಿಗೆ ಬೆನ್ನು ಕೊಟ್ಟು ಟೀವಿ ನೋಡುತ್ತಾ ಕೂರುವುದು. ಒಂದು ಮಧ್ಯಾಹ್ನ ಪರದೆಯ ಮೇಲೆ ಈ ಇಗುವಾನಾಗಳು ಬಂದವು. ತಣ್ಣನೆ ನೀರಿನಿಂದ ಎದ್ದು ಬಂದು, ಕಪ್ಪು ಕಲ್ಲಿನ ಮೇಲೆ ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುತ್ತಿದ್ದವು. ಮೈ ಬೆಚ್ಚಗಾಗುವ ತನಕ ಒಂದೂ ಮಿಸುಕಾಡಲಿಲ್ಲ. ಅಯ್ಯೋ ಪಾಪ, ಇವೂ ನನ್ನ ಹಾಗೇ ಅನ್ನಿಸಿ ಅಳು ಬಂತು. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿ, ಪರೀಕ್ಷೆಗೆ ಅಂತ ಇವುಗಳ ಹೆಸರನ್ನು ಉರು ಹೊಡೆದಿದ್ದವಳು ನಾನು. ಅವತ್ತಿನ ತನಕ ಅವು ಬರೀ ಹೆಸರಾಗಿದ್ದವು. ಇವರು ಬಂದ ಕೂಡಲೇ, ಕೋಟು ಬಿಚ್ಚುವುದಕ್ಕೂ ಬಿಡದೆ ಹೇಳಿದೆ. "ಹೋಗೋಣ ಬಿಡೇ, ಮುಂದಿನ ವರ್ಷ," ಅಂದರು.

ಆ ಮುಂದಿನ ವರ್ಷ ಬರಲೇ ಇಲ್ಲ. ಇಲ್ಲಿರುವ ನಮ್ಮಂಥವರ ರಜೆ ನಮ್ಮದಲ್ಲ ನೋಡಿ, ಊರಿನವರದು. ಮೈದುನನ ಮದುವೆ, ಅವನ ಮಗುವಿನ ನಾಮಕರಣ, ಚಿಕ್ಕಮ್ಮನ ಮನೆಯ ಗೃಹಪ್ರವೇಶ, ಯಾರದೋ ಷಷ್ಟ್ಯಬ್ದಿ. ಹೋಗದಿದ್ದರೆ "ಲಂಡನ್ ಸೇರಿ ದೊಡ್ಡೋರಾಗ್ಬಿಟ್ರು" ಅನ್ನೋ ಮಾತು ಗ್ಯಾರಂಟಿ. ಪ್ರತಿ ಸಲವೂ ಹೀಥ್ರೂನಲ್ಲಿ, ಟೋಪಿ ಹಾಕಿ ಬೈನಾಕ್ಯುಲರ್ ನೇತುಹಾಕಿಕೊಂಡು ಎಲ್ಲಿಗೋ ಹೊರಟ ಗಂಡ ಹೆಂಡಿರು ಕಣ್ಣಿಗೆ ಬೀಳೋರು. ನನ್ನ ಕೈಯಲ್ಲಿ ಯಾರ ಮಗುವಿಗೋ ಉಡುಗೊರೆಯ ಚೀಲ. ಹೊಟ್ಟೆ ಉರಿದುಹೋಗುತ್ತಿತ್ತು.

ನಾವು ಲಂಡನ್ನಿನ ಅಂಚಿನ ಪಿನ್ನರ್‌ಗೆ ಮನೆ ಬದಲಾಯಿಸಿದ ಮೇಲೆ ಒಂದು ಬೇಸಿಗೆಯಲ್ಲಿ ಅತ್ತೆ ಬಂದಿದ್ದರು. ದೇವಸ್ಥಾನಕ್ಕೆ ಅಂತ ಸೀರೆಯುಟ್ಟು, ಹಣ್ಣುಕಾಯಿ ಹಿಡಿದು ಹೊಸ್ತಿಲ ತನಕ ಹೋಗಿದ್ದಾರೆ, ಟೀವಿಯಲ್ಲಿ ನನ್ನ ಇಗುವಾನಾ ಒಂದು ಸೀನು ಸೀನಿತು. ಸಮುದ್ರದಲ್ಲಿ ನುಂಗಿದ ಉಪ್ಪನ್ನು ಅವು ಹಾಗೆ ಮೂಗಿನಿಂದ ಹೊರಹಾಕುತ್ತವೆ. ಅತ್ತೆ ಗಕ್ಕನೆ ನಿಂತರು. "ಒಂಟಿ ಸೀನು! ನೀರು ಕೊಡೇ," ಅಂತ ವಾಪಸ್ ಬಂದು ಸೋಫಾದ ಮೇಲೆ ಕೂತರು.

"ಅತ್ತೆ, ಸೀನಿದ್ದು ಟೀವಿಯೊಳಗೆ."

"ಎಲ್ಲಾದ್ರೇನು, ಸೀನು ಸೀನೇ. ಅಲ್ಲಿರೋವೆಲ್ಲಾ ಹೀಗೇ ಸೀನ್ತಾವಾ?"

"ಇಡೀ ದಿನ ಅದೇ ಕೆಲಸ."

"ಹಾಗಾದ್ರೆ ಅಲ್ಲಿಗೆ ಹೋದೋರು ಹೊರಡೋದು ಯಾವಾಗ ಮಾರಾಯ್ತಿ!" ಅಂದರು. ಅತ್ತೆ ಈಗಿಲ್ಲ. ಆ ಮಾತು ನೆನೆದರೆ ಈಗಲೂ ನಗು ಬರುತ್ತೆ, ಜೊತೆಗೆ ಅವರೂ ಬೇಕು ಅನ್ನಿಸುತ್ತೆ.

ಹೋದ ವರ್ಷ ಇವರ ಕಣ್ಣು ಕೈಕೊಟ್ಟಿತು. ರೆಟಿನಾದ ನಡುಭಾಗ ಸವೆಯುವ ಕಾಯಿಲೆ. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡರು, ಕಾರಿನ ಕೀ ನನ್ನ ಕೈಗೆ ಬಂತು. ಎಷ್ಟು ಕಾಣುತ್ತೆ ಅಂತ ಕೇಳಿದರೆ "ನಡುವೆ ಸ್ವಲ್ಪ ಮಸುಕು, ಅಷ್ಟೇ" ಅನ್ನೋರು. ಡಾಕ್ಟರುಗಳು ತಮ್ಮ ಕಾಯಿಲೆ ಬಗ್ಗೆ ನಿಜ ಹೇಳಿದ್ದುಂಟೇ? ಕೇಳಿ ನನಗೆ ಸಾಕಾಗಿತ್ತು. ಆದರೆ ಒಂದು ಮಾತ್ರ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಇವರಿಗೆ ಕಣ್ಣಿರುವಾಗಲೇ ಇಬ್ಬರೂ ಸೇರಿ ಆ ಪ್ರಾಣಿಗಳನ್ನು ನೋಡಬೇಕು. ಒಬ್ಬಳೇ ಹೋಗಿ ನೋಡಿಬಂದು ನಾನೇನು ಮಾಡಲಿ? "ಅಲ್ನೋಡ್ರೀ" ಅನ್ನೋಕೆ ಪಕ್ಕದಲ್ಲಿ ಒಬ್ಬರು ಬೇಡವೇ?

ಪಾರ್ಕ್ ರಾಯಲ್ ಅನ್ನೋ ಕೈಗಾರಿಕಾ ಪ್ರದೇಶದಲ್ಲಿ ಚಟ್ನಿ, ಉಪ್ಪಿನಕಾಯಿ ಮಾಡುವ ಫ್ಯಾಕ್ಟರಿಯ ಲ್ಯಾಬಿನಲ್ಲಿ ನನ್ನ ಕೆಲಸ. ದೀಪಾವಳಿಯ ಗಡಿಬಿಡಿ ಮುಗಿಯುವ ತನಕ ಅಲ್ಲಿ ರಜೆ ಅನ್ನೋ ಮಾತೇ ಎತ್ತುವಂತಿಲ್ಲ. ಈ ವರ್ಷ ಬೇಡಿ ಕಾಡಿ ನವೆಂಬರ್ ಕೊನೆಗೆ ರಜೆ ಗಿಟ್ಟಿಸಿಕೊಂಡೆ. ಬಿಸಿಲು ಬಂದ ದಿನ ಊಟದ ಹೊತ್ತಿಗೆ ನಾವೆಲ್ಲ ಫ್ಯಾಕ್ಟರಿಯ ಗೋಡೆಗೆ ಒರಗಿ, ಮುಖ ಮೇಲೆತ್ತಿ ನಿಲ್ಲುತ್ತೇವೆ. ಕಣ್ಣು ಮುಚ್ಚಿದರೆ ಸಾಕು, ನಾನು ಆ ಕರಿಬಂಡೆಯ ಮೇಲೆ. ಪಕ್ಕದಲ್ಲಿ ಇವರು, ಸುತ್ತ ಇಗುವಾನಾಗಳು, ಎಲ್ಲರಿಗೂ ಒಂದೇ ಬಿಸಿಲು. ಯಾವ ದ್ವೀಪ, ಯಾವ ದೋಣಿ ಎಲ್ಲ ನೋಡಿಟ್ಟಿದ್ದೆ. ಬುಕ್ ಮಾಡುವುದೊಂದೇ ಬಾಕಿ.

ಬುಕ್ ಮಾಡೋಣ ಅಂದುಕೊಂಡಿದ್ದ ಶನಿವಾರವೇ ಮೈಸೂರಿನಿಂದ ಇವರ ಅಕ್ಕನ ಫೋನು. ಅಕ್ಕ ಅಂದರೆ ಇವರನ್ನು ಎತ್ತಿ ಆಡಿಸಿ ಬೆಳೆಸಿದವರು, ಈಗ ಹಣ್ಣು ಹಣ್ಣು ಮುದುಕಿ. ಮೊಮ್ಮಗಳ ಮದುವೆಯಂತೆ. ಮುಹೂರ್ತ ಯಾವಾಗ ಅಂತೀರಿ? ನವೆಂಬರ್ ಕೊನೆ! ನಾನು ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿಸಿಕೊಂಡೆ. "ಬರ್ತೀವಿ ಅಕ್ಕ, ಬರದೆ ಇರ್ತೀವಾ?" ಅಂದರು ಇವರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ತಲೆ ಕೆಟ್ಟುಹೋಯಿತು. "ಏನ್ರೀ ಇದು? ಮದುವೇನ ಫೋನಲ್ಲೇ ಲೈವ್ ತೋರಿಸ್ತಾರೆ, ಇಲ್ಲೇ ಕೂತು ಅಕ್ಷತೆ ಹಾಕಿ. ಇಷ್ಟು ವರ್ಷ ಎಲ್ಲರ ಮನೆ ಊಟ ಉಂಡು ಬಂದಿದ್ದು ಸಾಲದಾ? ನನ್ನದೂ ಒಂದು ಆಸೆ ಅಂತ ಇರಬಾರದಾ?" ದನಿ ಎಷ್ಟು ಏರಿತ್ತೋ, ಪಕ್ಕದ ಮನೆಯ ನಾಯಿ ಬೊಗಳಿತು.

ಇವರು ವಾದ ಮಾಡಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು, "ಆ ದ್ವೀಪದ ಫೋಟೋ ತೋರಿಸ್ತಿದ್ಯಲ್ಲ, ತಾ," ಅಂದರು. ಲ್ಯಾಪ್‌ಟಾಪ್ ತಂದು ಕುಕ್ಕಿದೆ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ಬಹಳ ಹೊತ್ತು ನೋಡಿದರು.

"ಇದರಲ್ಲಿ ಎಷ್ಟಿವೆ?"

"ಬಂಡೆ ತುಂಬಾ ಇವೆಯಲ್ಲ!"

"ನನಗೆ ಬಂಡೆ ಮಾತ್ರ ಕಾಣುತ್ತೆ," ಅಂದರು. "ಕಪ್ಪು ಕಲ್ಲಿನ ಮೇಲೆ ಕಪ್ಪು ಪ್ರಾಣಿ. ಅಲ್ಲಿಗೆ ಹೋದ್ರೂ ಇಷ್ಟೇ. ಮನುಷ್ಯರ ಮುಖ ಆದ್ರೆ, ತೀರಾ ಹತ್ತಿರ ಬಂದಾಗ ಇನ್ನೂ ಒಂದಿಷ್ಟು ಸಿಗುತ್ತೆ. ಅಕ್ಕನ ಮುಖ ನೋಡ್ಬೇಕು ಕಣೇ. ಅದು ಫೋನಲ್ಲಿ ಆಗಲ್ಲ."

ಆಗ ಗಮನಿಸಿದೆ. ಇವರು ಮಾತಾಡುತ್ತಿದ್ದದ್ದು ನನ್ನ ಕಿವಿಯ ಕಡೆ ನೋಡಿಕೊಂಡು.

"ಎಲ್ಲಿ ನೋಡ್ತಿದ್ದೀರಿ? ನನ್ನ ಕಡೆ ನೋಡಿ."

"ನಿನ್ನನ್ನೇ ನೋಡ್ತಿರೋದು. ನೇರ ನೋಡಿದ್ರೆ ನೀನು ಇರೋದೇ ಇಲ್ಲ. ಸ್ವಲ್ಪ ಪಕ್ಕಕ್ಕೆ ನೋಡಿದ್ರೆ ಇರ್ತೀಯ."

ಲ್ಯಾಪ್‌ಟಾಪ್ ಮುಚ್ಚಿದೆ. ಆ ಸಂಜೆಯೇ ಮೈಸೂರಿಗೆ ಟಿಕೆಟ್ ಮಾಡಿದೆ. ದ್ವೀಪದ ಆಸೆ ಅಲ್ಲಿಗೇ ಮುಗಿಯಿತು ಅಂದರೆ ಸುಳ್ಳಾಗುತ್ತದೆ. ಇದೆ, ಈಗಲೂ ಟ್ಯೂಬ್ ರೈಲಿನಲ್ಲಿ ಕೂತಾಗ ಸುಮ್ಮಸುಮ್ಮನೆ ಬಂದು ಹಿಂಡುತ್ತದೆ. ಇವರ ಜೊತೆ ನೋಡುವ ಆಸೆ ಅದು, ಇನ್ನು ಯಾವ ರಜೆಗೂ ಸಿಗುವಂಥದ್ದಲ್ಲ.

ಟಿಕೆಟ್ಟಿಗೂ ಮೊದಲು, ಅಡುಗೆಮನೆಯಲ್ಲಿ ನಾನು ಹಾಗೇ ಕಲ್ಲಾಗಿ ನಿಂತಿದ್ದಾಗ, ಇವರು ಎದ್ದು ಬಂದು ನನ್ನ ತೋಳು ಹಿಡಿದರು. "ಬಾ, ಕಿಟಕಿ ಹತ್ರ ಬಾ. ಬೆಳಕಿದೆ," ಅಂದರು. ಹೋಗಿ ನಿಂತೆ. ಮುಖವನ್ನು ನನ್ನ ಮುಖಕ್ಕೆ ತೀರಾ ಹತ್ತಿರ ತಂದರು. ನಾನು ಕಣ್ಣೊರೆಸಿಕೊಳ್ಳಲು ಕೈ ಎತ್ತಿದೆ.

"ಕೈ ಅಡ್ಡ ಇಡಬೇಡ ಕಣೇ," ಅಂದರು.