ಶಿಬಿರದಲ್ಲಿ ಅಪ್ಪನಾದವಳು

ಐವತ್ತರ ದಶಕ ಮುಗಿಯುತ್ತಿದ್ದಾಗಿನ ಒಂದು ಬೇಸಿಗೆ ರಜೆಯಲ್ಲಿ, ಮಿಡ್ಲ್ ಸ್ಕೂಲ್ ಮುಗಿಸಿದ ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿ ಒಂದು ಶಿಬಿರ ನಡೆಯಿತು. ನಡೆಸಿದವರು ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು. ಬಸ್ಸಿನಲ್ಲಿ ಊರೂರಿಗೆ ಬಂದು ಮನೆಯವರನ್ನು ಒಪ್ಪಿಸಿದ್ದರು. ಶಾಂತಿಗ್ರಾಮದಿಂದ ಹೋದವಳು ನಾನೊಬ್ಬಳೇ. ಅಲ್ಲಿ ಹೊಲಿಗೆ ಕಲಿಸುತ್ತಾರೆಂದು ನಮ್ಮಪ್ಪ ತಿಳಿದುಕೊಂಡಿದ್ದರು. ಅದನ್ನು ತಿದ್ದುವ ಗೋಜಿಗೆ ಮೇಡಂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ರಜೆಯಿದ್ದ ಶಾಲೆಯೊಂದರ ಕೊಠಡಿಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದೆವು. ಬೆಳಿಗ್ಗೆ ಇಂಗ್ಲಿಷ್, ಲೆಕ್ಕ. ಊಟವಾದ ಮೇಲೆ ಮೇಡಂ ನಮ್ಮನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು, ಹಾಸ್ಟೆಲಿನಲ್ಲಿಟ್ಟು ಹೈಸ್ಕೂಲಿಗೆ ಕಳಿಸಿ ಎಂದು ಮನೆಯಲ್ಲಿ ಕೇಳುವುದು ಹೇಗೆಂದು ಅಭ್ಯಾಸ ಮಾಡಿಸುತ್ತಿದ್ದರು. ಒಬ್ಬಳು ಮಗಳು, ಒಬ್ಬಳು ಅಪ್ಪ. ಮಗಳು ಅಳಬಾರದು, ಕಾಲು ಹಿಡಿಯಬಾರದು, ಕಾರಣ ಹೇಳಬೇಕು.

ಅಪ್ಪನಾಗಲು ಯಾರಿಗೂ ಇಷ್ಟವಿರಲಿಲ್ಲ. ಕೊನೆಗೆ ಅರಕಲಗೂಡಿನ ಕಡೆಯ ಎತ್ತರದ ಹುಡುಗಿಯೊಬ್ಬಳು ಹೆಗಲಿಗೆ ಟವೆಲು ಹಾಕಿಕೊಂಡು ಎದ್ದು ಬಂದಳು. ಅವಳೆದುರು ಮೊದಲು ನಿಂತವಳು ನಾನು.

"ಅಪ್ಪಾ, ನಾನು ಐಸ್ಕೂಲಿಗೆ ಓಯ್ತೀನಿ."

"ಓಗು. ಎಮ್ಮೆನೂ ಕರ್ಕೊಂಡು ಓಗು. ಅದುಕ್ಕೆ ಉಲ್ಲು ಆಕೋರು ಇಲ್ಯಾರವ್ರೆ?"

ಕಲಿತದ್ದೆಲ್ಲ ಮರೆತು ಕೂತೆ. ಓದಿದರೆ ಕೆಲಸ ಸಿಗುತ್ತದೆ ಎಂದು ಹೊಳೆನರಸೀಪುರದ ಹುಡುಗಿ ವಾದಿಸಿದಳು. "ಕೆಲ್ಸ ಮನೇಲೇ ಬೇಕಾದಷ್ಟದೆ" ಎಂದಳು ಅಪ್ಪ.

ವಾರವಾದರೂ ಒಬ್ಬಳಿಗೂ ಒಪ್ಪಿಗೆ ಸಿಗಲಿಲ್ಲ. ಮೇಡಂಗೇ ಆತಂಕವಾಯಿತು.

"ಒಂದ್ಸಲನಾದ್ರೂ ಒಪ್ಕೊಳ್ಳೇ. ಇವರಿಗೆ ಧೈರ್ಯ ಬರಬೇಕಲ್ಲ."

"ನಮ್ಮಪ್ಪ ಒಪ್ಪಕಿಲ್ಲ ಮೇಡಂ. ನಾನೆಂಗೆ ಒಪ್ಕೊಳ್ಲಿ?"

ಕೊನೆಯ ದಿನ ನಮ್ಮನ್ನು ಕರೆದೊಯ್ಯಲು ಅಪ್ಪಂದಿರು ಬಂದರು. ಮೇಡಂ ಅವರನ್ನು ಬೆಂಚುಗಳ ಮೇಲೆ ಕೂರಿಸಿ, ಆ ಅಭ್ಯಾಸವನ್ನೇ ಆಡಿ ತೋರಿಸಿ ಎಂದು ನಮಗೆ ಹೇಳಿದರು. ಮಗಳು ಮತ್ತೆ ನಾನೇ, ಅಪ್ಪ ಅರಕಲಗೂಡಿನವಳೇ. ಎಮ್ಮೆಯ ಮಾತಿಗೆ ಅಪ್ಪಂದಿರು ನಕ್ಕರು. ನಗದೆ ಕೂತಿದ್ದವರು ಅವಳ ಅಪ್ಪ, ಕುಳ್ಳಗಿನ, ಮೆತ್ತಗಿನ ಮನುಷ್ಯ. ಅವಳು ಒಂದು ಮಾತನ್ನೂ ಬಿಡದೆ ಎಲ್ಲ ಹೇಳಿದಳು. ಅಪ್ಪ ಕೂತಿದ್ದ ಬೆಂಚಿನ ಕಡೆ ಮಾತ್ರ ಒಮ್ಮೆಯೂ ನೋಡಲಿಲ್ಲ.

ಅವಳಪ್ಪ ಎದ್ದು ನಿಂತರು.

"ನಾನು ಅಷ್ಟು ಜೋರಾಗಿ ಮಾತಾಡಕಿಲ್ಲ ಅಮ್ಮಾರೆ."

"ಜೋರು ನಾಟಕಕ್ಕೆ" ಎಂದರು ಮೇಡಂ.

"ಮಿಕ್ಕಿದ್ದೆಲ್ಲ ಸರಿಯಾಗೇ ಅದೆ," ಎಂದರು ಅವಳಪ್ಪ. "ಆ ಅಪ್ಪ ಕಡೇಗೆ ಏನಂದ?"

"ಇನ್ನೂ ಏನೂ ಅಂದಿಲ್ಲ."

ಅವರು ಇನ್ನೊಂದು ಕೇಳಿದರು:

"ಆಸ್ಟ್ಲಲ್ಲಿ ಮುದ್ದೆ ಆಕ್ತಾರಾ?"

"ರಾತ್ರಿಗೆ ಹಾಕ್ತಾರೆ."

"ಅನ್ನ ತಿಂದ್ರೆ ಇವ್ಳಿಗೆ ಒಟ್ಟೆ ತುಂಬಕಿಲ್ಲ. ಅದುಕ್ಕೆ ಕೇಳ್ದೆ."

ಅದೇ ಒಪ್ಪಿಗೆ ಎಂದು ತಿಳಿಯಲು ನಮಗೆ ತುಸು ಹೊತ್ತು ಹಿಡಿಯಿತು. ಅವಳು ಟವೆಲಿಗೆ ಮುಖ ಒತ್ತಿಕೊಂಡು ಅತ್ತಳು. ಮಗಳು ಅಳಬಾರದು ಎಂದಿತ್ತು. ಅಪ್ಪನ ವಿಷಯ ಮೇಡಂ ಏನೂ ಹೇಳಿರಲಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲಿ ನಮ್ಮಪ್ಪ ಕಿಟಕಿಯಿಂದ ನನ್ನ ಕಡೆ ತಿರುಗಿ ಕೇಳಿದರು.

"ನಾನು ಅಂಗೆಲ್ಲ ಅಂತೀನೇನವ್ವ?"

"ಇಲ್ಲಪ್ಪ" ಎಂದೆ.

ತಾವು ಹಾಗೆ ಹೇಳುವವರಲ್ಲ ಎಂದಾದ ಮೇಲೆ ಅವರಿಗೆ ಬೇರೆ ದಾರಿಯಿರಲಿಲ್ಲ. ಜೂನ್‌ನಲ್ಲಿ ನನ್ನನ್ನೂ ಹಾಸ್ಟೆಲಿಗೆ ಸೇರಿಸಿದರು. ಅರಕಲಗೂಡಿನವಳೂ ನಾನೂ ಒಂದೇ ಕೋಣೆ. ಅವಳು ಎಸ್ಸೆಸ್ಸೆಲ್ಸಿ ಮುಗಿಸಿ, ಟ್ರೈನಿಂಗ್ ಮಾಡಿ, ಚನ್ನರಾಯಪಟ್ಟಣದ ಹತ್ತಿರ ಮೇಷ್ಟ್ರಾದಳು.

ಹೊಳೆನರಸೀಪುರದ ಹುಡುಗಿ ಬರಲಿಲ್ಲ. ಮೇಡಂ ಆ ಹುಡುಗಿಯ ಮನೆಗೇ ಹೋಗಿ ಕೇಳಿದರು. ಮನೆಯವರು ಒಳ್ಳೆಯ ಕಾಫಿ ಕೊಟ್ಟು, ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದು, ಬಹಳ ಮರ್ಯಾದೆಯಿಂದ ಬಸ್ ಹತ್ತಿಸಿದರಂತೆ.